ಫ್ಯಾನ್ ಬೆಟ್ಟದ ನಮಸ್ಕಾರ

"ಮೂಸು. ಬಗ್ಗಿ ಮೂಸೇ ಅಂದ್ರೆ."

ನಾನು ಬಗ್ಗಿ ಮೂಸಿದೆ. ಫಿನಾಯಿಲ್ ಬಿಟ್ಟರೆ ಬೇರೆ ವಾಸನೆ ಬರಲಿಲ್ಲ.

"ಏನ್ ಬರ್ತೈತೆ?"

"ಫಿನಾಯಿಲ್ ಅಣ್ಣ."

"ಫಿನಾಯಿಲ್ ಅಂತೆ. ಹುಟ್ಟಿದ್ದೇ ಹೇಲಲ್ಲಿ, ನಿನ್ ಮೂಗಿಗೆ ಇನ್ನೇನ್ ಗೊತ್ತಾಗ್ತೈತೆ." ಉದಯಕುಮಾರ್ ಚಪ್ಪಲಿಯ ತುದಿಯಿಂದ ನೆಲ ತೋರಿಸಿದ. ಬಿಳಿ ಟೈಲ್ಸಿನ ಮೇಲೆ ಒಂದು ಒದ್ದೆ ಪಾದದ ಗುರುತಿತ್ತು. "ಇದ್ಯಾರ್ದು? ಗೆಸ್ಟುಗಳು ಬರಿಗಾಲಲ್ಲಿ ಬರ್ತಾರಾ? ನಿಮ್ ಕಾಲೋನಿಯ ಯಾವಳನ್ನೋ ಒಳಕ್ಕೆ ಬಿಟ್ಟಿದ್ದೀಯ ನೀನು."

ಅದು ನನ್ನದೇ ಪಾದ. ಕಕ್ಕಸು ತೊಳೆಯುವಾಗ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬಾರದು ಎಂದು ಹೇಳಿದ್ದವನು ಅವನೇ. ಹೇಳೋಣವೆಂದು ಬಾಯಿ ತೆರೆದೆ. ಬಾಗಿಲಲ್ಲಿ ಕಾರಿನಿಂದ ಇಳಿದ ಇಬ್ಬರು ಹೆಂಗಸರು ಕಾಯುತ್ತಿದ್ದರು. ಒಬ್ಬರು ನನ್ನನ್ನು ನೋಡಿ ಬೇಗ ಬೇರೆ ಕಡೆ ತಿರುಗಿಕೊಂಡರು. ಒರೆಸುವ ಬಟ್ಟೆಗೆ ಕೈ ಹಾಕಿದೆ.

"ಬಟ್ಟೆ ಯಾಕೆ? ಕೈಯಿಲ್ವಾ?"

ಅಂಗೈಯಿಂದ ಒರೆಸಿದೆ. ಒರೆಸಿದಷ್ಟೂ ಗುರುತು ದೊಡ್ಡದಾಯಿತು. ಅವನು ಬೀಗದಕೈಯನ್ನು ಒಂದು ಹಸಿರು ದಾರಕ್ಕೆ ಕಟ್ಟಿ ನನ್ನ ಮುಂದೆ ಎಸೆದ. "ಕೊರಳಿಗೆ ಹಾಕ್ಕೋ. ಗೆಸ್ಟ್ ಬಂದ್ರೆ ತೆಗಿ, ಹೋದ್ಮೇಲೆ ತೊಳ್ದು ಬೀಗ ಹಾಕು. ನಿಮ್ಮೋರ ಕುಂಡಿ ಇದ್ರ ಮೇಲೆ ಕೂತಿದ್ದು ಗೊತ್ತಾದ್ರೆ ಅವತ್ತೇ ನಿನ್ ಕೆಲಸ ಕ್ಯಾನ್ಸಲ್."

"ಆಯ್ತಣ್ಣ" ಎಂದೆ.

ನಮ್ಮೂರಿನ ಆ ಗುಡ್ಡಕ್ಕೆ ಮೊದಲು ದೊಣೆಗುಡ್ಡ ಎಂಬ ಹೆಸರಿತ್ತು. ಗಾಳಿಯಿಂದ ಕರೆಂಟು ತೆಗೆಯುವ ಕಂಬವನ್ನು ಅದರ ನೆತ್ತಿಯ ಮೇಲೆ ನಿಲ್ಲಿಸಿದ ಮೇಲೆ ಫ್ಯಾನ್ ಬೆಟ್ಟ ಆಯಿತು. ಇರುವುದು ಒಂದೇ ಫ್ಯಾನು, ಮೂರು ರೆಕ್ಕೆ. ಶಿಡ್ಲಘಟ್ಟದ ಬಸ್ಸಿನಲ್ಲಿ ಕೂತವರಿಗೆ ಊರು ಕಾಣುವ ಮೊದಲು ಅದು ಕಾಣುತ್ತದೆ. ಹೊಸಬರು ದಾರಿ ಕೇಳಿದರೆ "ಫ್ಯಾನ್ ನೋಡ್ಕೊಂಡು ಬಂದ್ಬಿಡಿ" ಅನ್ನುತ್ತಾರೆ. ಶನಿವಾರ, ಭಾನುವಾರ ಬೆಳಕು ಹರಿಯುವುದಕ್ಕೆ ಮೊದಲೇ ಬೆಂಗಳೂರಿನಿಂದ ಕಾರು, ಬೈಕುಗಳು ಬರುತ್ತವೆ. ರೆಕ್ಕೆಯ ಹಿಂದಿನಿಂದ ಸೂರ್ಯ ಬರುವ ಫೋಟೋ ಅವರಿಗೆ ಬೇಕು. ಮೇಲಕ್ಕೆ ಹೋಗುವ ರಸ್ತೆ ಉದಯಕುಮಾರನ ಜಮೀನಿನ ಮೇಲಿದೆ. ಅವನು ಪಂಚಾಯ್ತಿ ಮೆಂಬರ್ ಕೂಡ. ಪಾರ್ಕಿಂಗು, ಕ್ಯಾಂಟೀನು, ಬಂದವರಿಗೆಂದು ಕಟ್ಟಿಸಿದ ಕಕ್ಕಸು, ಎಲ್ಲವೂ ಅವನ ಕೈಯಲ್ಲಿ. ಕಕ್ಕಸು ನನ್ನ ಕೈಯಲ್ಲಿ.

ನಮ್ಮ ಕಾಲೋನಿಯ ಮನೆಗಳ ಹಿಂದೆಯೂ ಕಕ್ಕಸಿಗೆಂದು ಪಂಚಾಯ್ತಿಯವರು ಎಬ್ಬಿಸಿದ ಪುಟ್ಟ ಪುಟ್ಟ ಗೋಡೆಗಳಿವೆ. ಬಾಗಿಲಿನ ಮೇಲೆ ನಂಬರು ಬರೆದಿದ್ದಾರೆ. ಗುಂಡಿ ತೋಡಲಿಲ್ಲ. ಅದರೊಳಗೆ ಸೌದೆ ಇಡುತ್ತೇವೆ. ಸುತ್ತಲೂ ಹಿಪ್ಪುನೇರಳೆ ತೋಟ. ಅಲ್ಲಿ ನಾವು ಕಾಲಿಟ್ಟರೆ ತೋಟದವರು ಕಲ್ಲು ತೂರುತ್ತಾರೆ. ನಮ್ಮ ಹೊಲಸು ತಗುಲಿದ ಎಲೆ ತಿಂದರೆ ರೇಷ್ಮೆ ಹುಳಕ್ಕೆ ರೋಗ ಬರುತ್ತದಂತೆ. ಉಳಿದದ್ದು ಗುಡ್ಡದ ಕೆಳಗಿನ ಇಳಿಜಾರು ಒಂದೇ. ಕತ್ತಲಿರುವಾಗಲೇ ಹೋಗಿ ಬರಬೇಕು.

ಅಮ್ಮ ನನ್ನನ್ನು ಕೇಳಿದ್ದು ಆ ವಾರದಲ್ಲೇ.

ಅಮ್ಮನ ಹೆಸರು ಚಿಕ್ಕವೆಂಕಟಮ್ಮ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಕೆಲಸ ಮಾಡುತ್ತಾಳೆ. ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ನಿಂತು ಅವಳ ಬೆರಳ ತುದಿ ಬೆಳ್ಳಗಾಗಿದೆ, ಮೊಣಕಾಲು ಕೆಟ್ಟಿದೆ. ಕೂತರೆ ಏಳಲಾರಳು. ಎದ್ದರೆ ಕೂರಲಾರಳು. ಗರ್ಭಕೋಶ ತೆಗೆಸಿದ ಮೇಲೆ ಒಂದಕ್ಕೂ ತಡೆಯುವುದು ಕಷ್ಟ.

"ರಾಧಾ, ಅಲ್ಲಿ ಮೇಲೆ ಕುರ್ಚಿ ತರದ್ದು ಐತಂತಲ್ಲೇ" ಎಂದಳು. ನಾನು ಮುದ್ದೆಗೆ ಹಿಟ್ಟು ಹಾಕುತ್ತಿದ್ದೆ. "ಮೊಣಕಾಲು ಮಡಿಸಂಗೇ ಇಲ್ವಂತೆ. ಅಶ್ವತ್ಥಮ್ಮ ಹೇಳ್ತಿದ್ಲು."

"ಹೂಂ. ಐತೆ."

"ನಾಳೆ ಬೆಳಿಗ್ಗೆ ಯಾರೂ ಬರೋಕ್ ಮುಂಚೆ ಒಂದ್ಸಲ ಬೀಗ ತೆಗೀತೀಯಾ? ಒಂದೇ ಸಲ ಕಣೇ. ನಾನೇ ತೊಳ್ದು ಬರ್ತೀನಿ."

ನಾನು ಮುದ್ದೆಕೋಲನ್ನು ಜೋರಾಗಿ ತಿರುಗಿಸಿದೆ. "ಆಗಲ್ಲಮ್ಮ. ಒಳಗೆ ಕ್ಯಾಮೆರಾ ಇಕ್ಕವ್ರೆ."

"ಕಕ್ಕಸೊಳಗೂವಾ? ಅಯ್ಯೋ ಇವರ ಮನೆ ಹಾಳಾಗ." ಅಮ್ಮ ನಕ್ಕುಬಿಟ್ಟಳು. "ಹೋಗ್ಲಿ ಬಿಡು. ನಿನ್ ಕೆಲ್ಸಕ್ಕೆ ತೊಂದ್ರೆ ಯಾಕೆ."

ಕ್ಯಾಮೆರಾ ಇರಲಿಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನನಗೆ ಸಿಕ್ಕಿದ್ದ ಮೊದಲ ನೆರಳಿನ ಕೆಲಸ ಅದು. ಅಮ್ಮ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಮರುದಿನ ಶನಿವಾರ. ಎಂದಿನಂತೆ ಚೊಂಬು ಹಿಡಿದು ಹನ್ನೊಂದು ಜನ ಹೊರಟೆವು. ಅಲ್ಲಿಂದ ನೇರ ಕೆಲಸಕ್ಕೆ ಹೋಗಬೇಕೆಂದು ನಾನು ನೀಲಿ ಕೋಟು ಹಾಕಿಕೊಂಡೇ ಹೋಗಿದ್ದೆ. ಎಲ್ಲರಿಗಿಂತ ಮುಂದೆ ಅಶ್ವತ್ಥಮ್ಮಜ್ಜಿ. ಕಾಲೋನಿಗೆಲ್ಲ ಹಿರಿಯಳು, ಅವಳ ಬಾಯಿಗೆ ಬಾಗಿಲಿಲ್ಲ. ಇಳಿಜಾರಿನ ಬಂಡೆಗಳ ನಡುವೆ ಒಬ್ಬೊಬ್ಬರೂ ಅವರವರ ಜಾಗ ಹಿಡಿದೆವು. ಮೇಲೆ ಫ್ಯಾನು ಹೂಂ ಹೂಂ ಎಂದು ತಿರುಗುತ್ತಿತ್ತು.

"ನಮ್ಗೇ ಅಂತ ಹಾಕ್ಸವ್ರೆ ಕಣ್ರೇ ಈ ಫ್ಯಾನು" ಎಂದಳು ಅಜ್ಜಿ ಕತ್ತಲೊಳಗಿಂದ. "ಕುಂಡಿ ಆರಿಸ್ಕೊಂಡು ಹೋಗಿ. ಕರೆಂಟ್ ಬಿಲ್ಲು ಉದಯಪ್ಪ ಕಟ್ತಾನೆ."

"ಸುಮ್ಕಿರಜ್ಜಿ, ನಗು ಬಂದ್ರೆ ಇದು ನಿಂತೋಗ್ತದೆ" ಎಂದು ಯಾರೋ ನಕ್ಕರು.

ನಮ್ಮಲ್ಲಿ ಒಂದು ರೂಢಿ ಇದೆ. ಬೆಟ್ಟದ ರಸ್ತೆಯ ತಿರುವಿನಲ್ಲಿ ಗಾಡಿ ಬಂದರೆ ಅದರ ಬೆಳಕು ಇಳಿಜಾರಿನ ಮೇಲೆ ಬೀಳುತ್ತದೆ. ಬೆಳಕು ಬಿದ್ದ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕು. ಸೀರೆ ಕೆಳಗೆ ಬಿಟ್ಟು, ಬೆಳಕಿಗೆ ಬೆನ್ನು ಹಾಕಬೇಕು. ಗಾಡಿ ಹೋದ ಮೇಲೆ ಮತ್ತೆ ಕೂರಬೇಕು. ಏಳು ಗಾಡಿ ಬಂದರೆ ಏಳು ಸಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೂರು ವರ್ಷದ ಹೆಣ್ಣುಮಗುವಿಗೂ ಗೊತ್ತಿರುತ್ತದೆ.

ಅವತ್ತು ಬೆಳಕು ರಸ್ತೆಯಿಂದ ಬರಲಿಲ್ಲ. ಜೇನು ಎದ್ದ ಹಾಗೆ ಸದ್ದಾಯಿತು. ತಲೆಯ ಮೇಲೆ, ಫ್ಯಾನಿನ ಕಡೆಯಿಂದ, ಕೆಂಪು ಹಸಿರು ದೀಪದ ಒಂದು ಹುಳ ಇಳಿದು ಬಂತು. ಅದು ಡ್ರೋನ್ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಕೂತೇ ಇದ್ದಿದ್ದರೆ ಬಂಡೆಯ ಮರೆಯಲ್ಲಿ ಕಾಣುತ್ತಲೇ ಇರಲಿಲ್ಲವೇನೋ. ನಾನು ಎದ್ದುಬಿಟ್ಟೆ. ನನ್ನನ್ನು ನೋಡಿ ಎಲ್ಲರೂ ಎದ್ದರು. ಮೇಲಿನಿಂದ ಬರುವುದಕ್ಕೆ ಬೆನ್ನು ಎತ್ತ ತಿರುಗಿಸಬೇಕೋ ಯಾರಿಗೂ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದು ಮುಖದ ಮುಂದೆ ಒತ್ತಿಕೊಂಡು ಹಾಗೆಯೇ ನಿಂತೆವು. ಅಷ್ಟರಲ್ಲಿ ಪೂರ್ವದ ಕಡೆ ಕೆಂಪಾಗಿತ್ತು. ಅಮ್ಮನಿಗೆ ಪೂರ್ತಿ ಏಳಲು ಆಗಲಿಲ್ಲ. ಅರ್ಧ ಬಗ್ಗಿಕೊಂಡೇ ಇದ್ದಳು.

ಹುಳ ಎರಡು ಸುತ್ತು ಹೊಡೆದು ಮೇಲಕ್ಕೆ ಹೋಯಿತು.

"ಏಮಿ ಖರ್ಮಮೇ ಇದಿ, ಏನ್ ಕರ್ಮಾನೇ ಇದು" ಎಂದಳು ಅಜ್ಜಿ. ಯಾರೂ ಮತ್ತೆ ಕೂರಲಿಲ್ಲ.

ನಾಲ್ಕು ದಿನ ಬಿಟ್ಟು ಉದಯಕುಮಾರ್ ನನ್ನನ್ನು ಕ್ಯಾಂಟೀನಿಗೆ ಕರೆದ. ಊರಿನ ಐದಾರು ಗಂಡಸರು ಕಾಫಿ ಕುಡಿಯುತ್ತಿದ್ದರು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದ.

"ನೋಡೇ ಇಲ್ಲಿ. ಈ ನೀಲಿ ಕೋಟು ಯಾರು?"

ಕೊಳಲಿನ ಸಂಗೀತ ಬರುತ್ತಿತ್ತು. ಫ್ಯಾನಿನ ರೆಕ್ಕೆ, ಕೆಂಪು ಆಕಾಶ. ಆಮೇಲೆ ಕೆಳಗೆ, ಬಂಡೆಗಳ ನಡುವಿನಿಂದ ಒಬ್ಬೊಬ್ಬರಾಗಿ ಎದ್ದು ನಿಲ್ಲುವ ಹೆಂಗಸರು. ಎಲ್ಲರ ಕೈಯೂ ಮುಖದ ಮುಂದೆ, ಪಕ್ಕದಲ್ಲಿ ಚೊಂಬು. ಮೊದಲು ಎದ್ದವಳ ಮೈಮೇಲೆ ಕಕ್ಕಸು ತೊಳೆಯುವವರ ನೀಲಿ ಕೋಟು. ಕೆಳಗೆ ಅಕ್ಷರಗಳು ಮೂಡಿದವು: ಗಾಳಿ ದೇವರಿಗೆ ಹಳ್ಳಿಯ ಹೆಣ್ಣುಮಕ್ಕಳ ಮುಂಜಾನೆಯ ನಮಸ್ಕಾರ.

"ಲಕ್ಷಗಟ್ಲೆ ಜನ ನೋಡವ್ರೆ" ಎಂದ ಉದಯಕುಮಾರ್. "ನೋಡು, ನಿಮ್ಮಮ್ಮಂಗೆ ಏನ್ ಬರ್ದವ್ರೆ ನೋಡು. 'ಬಗ್ಗಿ ನಮಸ್ಕಾರ ಮಾಡುವ ಆ ತಾಯಿಯ ಭಕ್ತಿ ನೋಡಿ ಕಣ್ಣೀರು ಬಂತು.' ಕಣ್ಣೀರಂತೆ!"

ಗಂಡಸರು ನಗತೊಡಗಿದರು. ಮುನಿವೆಂಕಟಪ್ಪ ಎನ್ನುವ ತೋಟದವನು ಕಾಫಿ ಲೋಟ ಕೆಳಗಿಟ್ಟು, "ಯಾವ ದೇವ್ರಿಗಮ್ಮ ನೈವೇದ್ಯ ಇಡ್ತಿದ್ರಿ?" ಎಂದ. ಇನ್ನೊಬ್ಬ ಎದ್ದು ನಿಂತು ಟವಲ್ಲನ್ನು ಮುಖದ ಮುಂದೆ ಹಿಡಿದು ತೋರಿಸಿದ. ಅವರೆಲ್ಲರಿಗೂ ನಾವು ಅಲ್ಲಿ ಏನು ಮಾಡುತ್ತಿದ್ದೆವೆಂದು ಗೊತ್ತಿತ್ತು. ಬೀಗದಕೈಯನ್ನು ಕೋಟಿನೊಳಗೆ ತಳ್ಳಿ, ಬಕೆಟ್ಟು ತೆಗೆದುಕೊಂಡು ಹೊರಗೆ ಬಂದೆ.

ಶುಕ್ರವಾರ ಸಂಜೆ ಅವನು ಕಾಲೋನಿಗೇ ಬಂದ. ಒಳಗೆ ಬರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೆಂಪು ಸೀರೆಗಳ ಗಂಟು ಇಟ್ಟು, ಹತ್ತು ಜನರನ್ನು ಹೆಸರು ಹಿಡಿದು ಕರೆಸಿದ. ನನ್ನನ್ನು ಕರೆಯಲಿಲ್ಲ. ನನಗೆ ಕಕ್ಕಸಿನ ಕೆಲಸವೇ ಇತ್ತಲ್ಲ. ಟ್ಯಾಂಕಿನ ಪಕ್ಕ ನಿಂತು ಕೇಳಿಸಿಕೊಂಡೆ.

"ನಾಡಿದ್ದು ಭಾನುವಾರ ಆ ವಿಡಿಯೋ ನೋಡಿದ ಜನ ಬರ್ತಾವ್ರೆ. ಹೆಂಗೂ ದಿನಾ ಹೋಗ್ತೀರಲ್ಲ, ಅಲ್ಲೇ ಹೋಗಿ ನಿಂತ್ಕೊಳ್ಳಿ. ಸೂರ್ಯ ಬಂದಾಗ ನಮಸ್ಕಾರ ಮಾಡಿ. ಚೊಂಬು ಇರ್ಲಿ, ಅದ್ರಲ್ಲಿ ಎರಡು ದಾಸವಾಳ ಹಾಕ್ಕೊಳಿ. ಅಷ್ಟೇ."

ಎಲ್ಲರೂ ನೆಲ ನೋಡುತ್ತಿದ್ದರು. ಅಶ್ವತ್ಥಮ್ಮಜ್ಜಿಯೇ ಮಾತಾಡಿದಳು. "ಅವತ್ತು ಏನ್ ಮಾಡ್ತಿದ್ವಿ ಅಂತ ಗೊತ್ತಿದ್ದೂ ಕೇಳ್ತೀಯಲ್ಲಪ್ಪ ಉದಯಪ್ಪ."

"ಗೊತ್ತಿರೋದ್ಕೇ ಕೇಳ್ತಿರೋದು. ನೀವೇನ್ ಹೇಳ್ತೀರಾ ಅವ್ರಿಗೆ? ಹೇಳಿ ನೋಡಣ. ಮಾನ ಹೋಗೋದು ನಿಮ್ದು, ನಂದಲ್ಲ."

ಅಜ್ಜಿ ಗುಡ್ಡದ ಕಡೆ ಕೈ ತೋರಿಸಿದಳು. "ಹಂಗಾದ್ರೆ ಮೇಲಿನ ಕಕ್ಕಸು ನಮ್ಗೂ ತೆಗೆಸು. ಬೆಳಗಾಗೋಕ್ ಮುಂಚೆ ಹೋಗ್ಬುಟ್ಟು ಬಂದ್ಬುಡ್ತೀವಿ. ನಿಂತ್ಕೊ ಅಂದ್ರೆ ನಿಂತ್ಕೊತೀವಿ, ಕುಣಿ ಅಂದ್ರೆ ಕುಣೀತೀವಿ."

"ನೀವು ಕೂತ ಜಾಗದಲ್ಲಿ ಗೆಸ್ಟುಗಳು ಕೂರ್ತಾರೇನಮ್ಮ? ತಲೆ ನೆಟ್ಟಗೈತಾ?" ಅವನು ಕಾರಿನ ಬೀಗದಕೈಯನ್ನು ಬೆರಳಲ್ಲಿ ತಿರುಗಿಸಿದ. "ನಿಲ್ಲಲ್ಲ ಅಂದ್ರೆ ನಿಲ್ಬೇಡಿ. ಸೋಮವಾರ ಆ ಇಳಿಜಾರಿಗೆಲ್ಲ ಮುಳ್ಳುತಂತಿ ಹಾಕಿಸ್ತೀನಿ. ಆಮೇಲೆ ನಿಮ್ ತಲೆ ಮೇಲೆ ಹೋಗ್ತೀರೋ, ನಿಮ್ ಒಲೆ ಮುಂದೆ ಹೋಗ್ತೀರೋ, ನಂಗೇನು."

ಒಬ್ಬೊಬ್ಬರಾಗಿ ಸೀರೆ ತೆಗೆದುಕೊಂಡರು. ಅಮ್ಮನ ಸರದಿ ಬಂದಾಗ ಅವನು ನಕ್ಕ. "ಏಯ್, ನೀನು ಮಾತ್ರ ಅವತ್ತಿನ ಹಂಗೇ ಅರ್ಧ ಬಗ್ಗಿರ್ಬೇಕು. ನಿನ್ನ ನೋಡೋಕೇ ಬರ್ತಿರೋದು ಜನ."

ಮನೆಗೆ ಬಂದು ಅಮ್ಮ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಗುರ್ತು ಸಿಗಲ್ಲ ಬಿಡು" ಎಂದಳು. "ಸೆರಗು ಮುಚ್ಕೊಂಡಿರ್ತೀವಲ್ಲ." ನನ್ನ ಕೊರಳಿನ ಹಸಿರು ದಾರದ ಕಡೆ ಅವಳು ನೋಡಲಿಲ್ಲ. ನೋಡದೇ ಇರುವುದಕ್ಕೆ ಕಷ್ಟಪಡುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು.

ಭಾನುವಾರ ನಾಲ್ಕೂವರೆಗೇ ಪಾರ್ಕಿಂಗ್ ತುಂಬಿತು. ಇಳಿಜಾರಿನ ಸುತ್ತ ಫೋನು, ಮೂರು ಕಾಲಿನ ಸ್ಟ್ಯಾಂಡು ಹಿಡಿದ ಜನ. ಹತ್ತು ಜನ ಹೆಂಗಸರನ್ನು ಬೆಳಕಿಗೆ ಮೊದಲೇ ತಂದು ಬಂಡೆಗಳ ನಡುವೆ ನಿಲ್ಲಿಸಿದ್ದರು. ಅವತ್ತು ಯಾರೊಬ್ಬರೂ ಹೊರಕಡೆಗೆ ಹೋಗಿರಲಿಲ್ಲ. ಹೋಗುವ ಜಾಗದಲ್ಲೇ ಜನ ನಿಂತಿದ್ದರು.

ಕಕ್ಕಸು ಇರುವುದು ಇಳಿಜಾರಿನ ಹಿಂಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ. ಅಲ್ಲಿಂದ ನನಗೆ ಹೆಂಗಸರೆಲ್ಲರ ಬೆನ್ನು ಕಾಣುತ್ತಿತ್ತು.

ಸೂರ್ಯ ಮೋಡದ ಹಿಂದೆ ಸಿಕ್ಕಿಕೊಂಡಿದ್ದ. ಉದಯಕುಮಾರ್ ಕೈ ಎತ್ತಿ ಕೂಗುತ್ತಿದ್ದ. "ಹಂಗೇ ಇರಿ! ಕೈ ಇಳಿಸ್ಬೇಡಿ! ಏಯ್ ಚಿಕ್ಕವೆಂಕಟಮ್ಮ, ಬಗ್ಗು ಬಗ್ಗು." ಅಮ್ಮ ಬಗ್ಗಿದಳು. ಮೋಡ ಸರಿಯಲಿಲ್ಲ. "ಇನ್ನೊಂದ್ಸಲ. ಎಲ್ಲಾ ಕೂತು ಒಟ್ಟಿಗೆ ಏಳಿ." ಕೂತರು, ಎದ್ದರು. ಅಮ್ಮ ಕೈಯಿಂದ ಬಂಡೆ ಹಿಡಿದು ಎದ್ದಳು. ಜನ ಓ ಎಂದರು. "ಇನ್ನೊಂದೇ ಒಂದ್ಸಲ!"

ಕನ್ನಡಕದ ಒಬ್ಬ ಮೇಡಂ ಕಕ್ಕಸಿನಿಂದ ಹೊರಗೆ ಬಂದು ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ನಿಂತರು. ಫೋನ್ ತೆಗೆದರು. "ಎಷ್ಟ್ ಚೆನ್ನಾಗಿದೆ ಅಲ್ವಾ? ಇದೇನ್ ವ್ರತಾನಾ? ಎಷ್ಟ್ ವರ್ಷದಿಂದ ಮಾಡ್ತಿದಾರೆ?"

ನಾನು ತಲೆ ತಗ್ಗಿಸಿದೆ.

"ಹೇಳಮ್ಮ, ನಾಚ್ಕೋಬೇಡ. ನೀನೂ ಇದೇ ಊರಲ್ವಾ?" ಫೋನನ್ನು ನನ್ನ ಕಡೆ ತಿರುಗಿಸಿದರು.

ಆಗ ಅಮ್ಮನ ಹೊಸ ಸೀರೆ ಹಿಂದೆ ನೆನೆದಿದ್ದು ಕಂಡಿತು. ಮೊದಲು ಅಂಗೈಯಷ್ಟು ಕಪ್ಪು. ನಾನು ನೋಡುತ್ತಿದ್ದ ಹಾಗೆ ಅದು ಕೆಳಗೆ ಹರಿಯಿತು. ಅಮ್ಮ ಕಾಲು ಜೋಡಿಸಿಕೊಂಡಳು. ಸೆರಗನ್ನು ಮುಖಕ್ಕೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು. ಮುಂದೆ ನಿಂತ ಜನ ಅದನ್ನೂ ಭಕ್ತಿ ಎಂದು ಫೋಟೋ ತೆಗೆಯುತ್ತಿದ್ದರು.

"ವ್ರತ ಅಲ್ಲ ಮೇಡಂ" ಎಂದೆ.

"ಏನು?"

"ಹೇಲೋದಕ್ಕೆ ಬಂದಿದ್ವಿ."

ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದಿದ್ದರೆ ಸಾಕು ಅನ್ನಿಸಿರಬೇಕು. ನಾನು ಮತ್ತೆ ಹೇಳಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಹೇಲೋದಕ್ಕೆ ಬಂದಿದ್ವಿ ಮೇಡಂ! ದಿನಾ ಇಲ್ಲಿಗೇ ಬರೋದು. ನಮ್ಗೆ ಕಕ್ಕಸಿಲ್ಲ. ಮೇಲಿಂದ ಕ್ಯಾಮೆರಾ ಬಂತು, ನಾಚ್ಕೆ ಆಗಿ ಎದ್ವಿ. ಮುಖ ಮುಚ್ಕೊಂಡ್ವಿ. ಅದು ನಮಸ್ಕಾರ ಅಲ್ಲ!"

ಮೇಡಂ ಒಂದು ಹೆಜ್ಜೆ ಹಿಂದೆ ಸರಿದು, ತಾವು ಎಲ್ಲಿ ಕಾಲಿಟ್ಟಿದ್ದೇವೆಂದು ನೆಲ ನೋಡಿಕೊಂಡರು. ಕೆಳಗೆ ನಿಂತಿದ್ದವರಲ್ಲಿ ಹಲವರು ಹಾಗೆಯೇ ನೆಲ ನೋಡಿಕೊಂಡರು. ಹತ್ತೂ ಜನ ಹೆಂಗಸರು ತಿರುಗಿ ನನ್ನ ಕಡೆ ನೋಡುತ್ತಿದ್ದರು. ಅವರ ಮಾನವನ್ನು ನಾನು ಬಯಲಿಗೆ ಹಾಕಿದ್ದೆ. ಕಕ್ಕಸಿನ ಬಾಗಿಲು ತೆರೆದೆ.

"ಅಮ್ಮಾ, ಬಾ ಇಲ್ಲಿ."

ಅಮ್ಮ ಬಂಡೆ ಹಿಡಿದು ಹಿಡಿದು ಹತ್ತಿ ಬಂದಳು. ನಾನು ಬಾಗಿಲು ಹಿಡಿದು ನಿಂತೆ. ಹೊಸ್ತಿಲಲ್ಲಿ ಅವಳು ನಿಂತಳು, ಒಳಗಿನ ಮೂಲೆ ಮೂಲೆ ನೋಡಿದಳು. "ಕ್ಯಾಮೆರಾ ಐತೆ ಅಂದಿದ್ಯಲ್ಲೇ?"

"ಇಲ್ಲಮ್ಮ. ಇರ್ಲೇ ಇಲ್ಲ."

ಅಮ್ಮ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಉದಯಕುಮಾರ್ ಏದುಸಿರು ಬಿಡುತ್ತಾ ಮೇಲೆ ಬಂದ. "ಬೇವರ್ಸಿ ಮುಂಡೆ, ಏನೇ ಬೊಗಳ್ದೆ? ಯಾರೇ ಒಳಗೆ? ತೆಗಿ ಬಾಗ್ಲು."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವನು ನನ್ನ ತಲೆಯ ಮೇಲಿನಿಂದ ಬಾಗಿಲಿಗೆ ಗುದ್ದಿದ. ಇನ್ನೊಂದು ಕೈ ನನ್ನ ಕೊರಳ ದಾರಕ್ಕೆ ಬಂತು. ದಾರ ಕೊರಳಿಗೆ ಬಿಗಿಯಿತು.

"ಯಾಕಪ್ಪ ಮಗೀನ ಕೊರಳು ಕುಯ್ತೀಯ?" ಅಶ್ವತ್ಥಮ್ಮಜ್ಜಿ ಹತ್ತಿ ಬಂದಿದ್ದಳು. ಚೊಂಬಿನಲ್ಲಿದ್ದ ದಾಸವಾಳ ತೆಗೆದು ನೆಲಕ್ಕೆ ಬಿಸಾಡಿದಳು. "ತಡಿ, ಬೀಗದಕೈ ಆಮೇಲೆ ಕಿತ್ಕೊಳ್ವಂತೆ. ಚಿಕ್ಕವೆಂಕಟಮ್ಮ ಆದ್ಮೇಲೆ ನಾನು. ನಾನಾದ್ಮೇಲೆ ಕಿತ್ಕೋ." ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು. ಅವಳ ಹಿಂದೆ ಮತ್ತೊಬ್ಬಳು. ಕೆಂಪು ಸೀರೆಗಳು ಸಾಲಾದವು.

"ನಾಳೆಯಿಂದ ನಿಮ್ ಕಾಲೋನಿಗೆ ಒಂದು ತೊಟ್ಟು ನೀರು ಬರಲ್ಲ" ಎಂದ ಉದಯಕುಮಾರ್. ಅವನು ದಾರ ಬಿಡಲಿಲ್ಲ. ಆದರೆ ಸುತ್ತಲೂ ಫೋನುಗಳಿದ್ದವು. ಎಳೆಯಲೂ ಇಲ್ಲ. "ಹತ್ತು ಎಣಿಸ್ತೀನಿ. ಅವಳು ಈಚೆಗೆ ಬರ್ಬೇಕು."

ಒಳಗೆ ಅಮ್ಮನ ಬಳೆ ಸದ್ದಾಯಿತು. "ರಾಧಾ, ಎದ್ದು ಬತ್ತೀನಿ ಕಣೇ" ಎಂದಳು ಗಾಬರಿಯಿಂದ.

"ಏಳ್ಬೇಡಮ್ಮ" ಎಂದೆ. "ಕೂತ್ಕೊ. ನಿಧಾನಕ್ಕೆ ಕೂತ್ಕೊ."

ಅವನು ಮತ್ತೆ ಗುದ್ದಿದ. ಆ ಪೆಟ್ಟು ಹಲಗೆ ದಾಟಿ ನನ್ನ ಬೆನ್ನಿಗೆ ಬಂತು. ಎದುರಿಗೆ ಮೇಡಂ, ಅವರ ಹಿಂದೆ ಜನ, ಎಲ್ಲರ ಫೋನೂ ನನ್ನ ಕಡೆ ತಿರುಗಿತ್ತು. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಕೈ ಎರಡೂ ಬಾಗಿಲ ಚೌಕಟ್ಟು ಹಿಡಿದಿದ್ದವು.